ಪ್ರತಿಮೆ ಸರಿಸಿದರೆ ಕಬ್ಬನ್ನನ ಲೆಕ್ಕ ತೀರದು

ಬೆಂಗಳೂರಿನ ಅಠಾರಾ ಕಚೇರಿಯ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡದ ಮುಂದೆ ಬಹುಕಾಲ ನಿಂತಿದ್ದ ಸರ್ ಮಾರ್ಕ್ ಕಬ್ಬನ್ನನ ಪ್ರತಿಮೆಯನ್ನು 2020ರಲ್ಲಿ ಅಲ್ಲಿಂದ ಎತ್ತಿ ಪಕ್ಕದ ಕಬ್ಬನ್ ಉದ್ಯಾನದೊಳಗೆ ನಿಲ್ಲಿಸಲಾಯಿತು. ಪ್ರತಿಮೆ ಸ್ಥಳಾಂತರಗೊಂಡರೂ ಅದರ ಸುತ್ತಲಿನ ಜಗಳ ಮುಗಿದಿಲ್ಲ. ದಾಸ್ಯದ ಗುರುತುಗಳು ಊರ ನಡುವೆ ಏಕೆ ಇರಬೇಕೆಂದು ಒಂದು ಪಕ್ಷ ಕೇಳಿದರೆ, ಮೈಸೂರಿಗೆ ರಸ್ತೆ, ಸೇತುವೆ, ಕಚೇರಿಗಳನ್ನು ಕೊಟ್ಟ ದಕ್ಷ ಆಡಳಿತಗಾರನಿಗೆ ಇದು ಕೃತಘ್ನತೆಯೆಂದು ಇನ್ನೊಂದು ಪಕ್ಷ ಮರುಗುತ್ತದೆ. ಇಬ್ಬರ ವಾದವೂ ಬೆಂಗಳೂರಿನ ಕೆಲವೇ ಎಕರೆಗಳಾಚೆ ಕಾಲಿಡುವುದಿಲ್ಲ. ಬ್ರಿಟಿಷ್ ಕಮಿಷನರನಾಗಿ 27 ವರ್ಷ ಇಡೀ ಮೈಸೂರು ಸಂಸ್ಥಾನವನ್ನಾಳಿದವನ ಗುಣದೋಷಗಳನ್ನು ಒಂದು ಉದ್ಯಾನದ ಹೆಸರಿನಿಂದ ಅಳೆಯಲಾಗದು; ಅವನ ಆಡಳಿತಕ್ಕೆ ಕಂದಾಯ ಕಟ್ಟಿದ ಗಡಿ ಹಳ್ಳಿಗಳಿಂದ ಅಳೆಯಬೇಕು.

ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನೇ ತೆಗೆದುಕೊಳ್ಳಬಹುದು. ಅಂತ್ಯ ಸುಬ್ರಹ್ಮಣ್ಯನ ಕ್ಷೇತ್ರವೆಂದು ಭಕ್ತರು ಬಲ್ಲ ಈ ಊರನ್ನು ಹಾದುಹೋಗುವ ಉತ್ತರ ಪಿನಾಕಿನಿ, ಆಂಧ್ರದ ಹಿಂದೂಪುರದ ಕಡೆಯಿಂದ ಬಂದು, ಪಾವಗಡದ ನೆಲವನ್ನು ತುಸು ದೂರ ಮುಟ್ಟಿ, ಮತ್ತೆ ಆಂಧ್ರಕ್ಕೇ ಹೊರಳುತ್ತದೆ. ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ ಪಾವಗಡ ಸೀಮೆ ಮೈಸೂರಿನ ಒಡೆಯರ ಪಾಲಿಗೆ ಉಳಿಯಿತು. ಅದನ್ನು ಮೂರು ಕಡೆ ಸುತ್ತುವರಿದ ಅನಂತಪುರದ ನೆಲ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ದತ್ತ ಮಂಡಲಗಳಿಗೆ ಸೇರಿತು. ಹೀಗೆ ಒಂದೇ ಹೊಳೆಯ ಹಾದಿಯಲ್ಲಿ ಇಬ್ಬರು ಸೈನಿಕ ಆಡಳಿತಗಾರರ ಎರಡು ಪ್ರಯೋಗಗಳು ನಡೆದವು. ಆಚೆ ಥಾಮಸ್ ಮನ್ರೋ 1807ರವರೆಗೆ ಪ್ರಿನ್ಸಿಪಲ್ ಕಲೆಕ್ಟರನಾಗಿದ್ದು ಪಾಳೆಯಗಾರರನ್ನು ಅಡಗಿಸಿದ, ಹೊಲಹೊಲವನ್ನೂ ಅಳೆಸಿದ, ಮಧ್ಯವರ್ತಿಯಿಲ್ಲದೆ ರೈತನಿಂದಲೇ ಹಣ ವಸೂಲು ಮಾಡುವ ರೈತವಾರಿ ಪದ್ಧತಿಗೆ ತಳಪಾಯ ಹಾಕಿದ. ತಾನು ಹೇರಿದ ಕಂದಾಯ ಹೊರೆಯಾಯಿತೆಂದು ಮನಗಂಡು ಹೊರಡುವ ಮುನ್ನ ಶೇ 25ರಷ್ಟು ಇಳಿಸಲು ಅವನೇ ಶಿಫಾರಸು ಮಾಡಿದರೂ, ಮೇಲಿನವರು ಕೂಡಲೇ ಒಪ್ಪಲಿಲ್ಲ. ಈಚೆ ಕಬ್ಬನ್ ಬಂದದ್ದು ಆ ಬಳಿಕ, ಬೇರೆಯದೇ ದಾರಿಯಿಂದ.

1800ರಲ್ಲಿ ಕೆಡೆಟ್ ಆಗಿ ಮದ್ರಾಸ್ ಸೈನ್ಯ ಸೇರಿದ ಕಬ್ಬನ್ ಹೆಚ್ಚಾಗಿ ದುಡಿದದ್ದು ಕಮಿಸರಿಯಟ್‌ನಲ್ಲಿ, ಅಂದರೆ ದಂಡಿಗೆ ದವಸ, ಎತ್ತು, ಸಾಗಣೆಗಳನ್ನು ಒದಗಿಸುವ ವಿಭಾಗದಲ್ಲಿ. 1830-31ರ ನಗರ ಸೀಮೆಯ ದಂಗೆಯನ್ನು ನೆಪವಾಗಿಸಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡ. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ ಸಮಿತಿಯಲ್ಲಿ ಕಬ್ಬನ್ನನೂ ಒಬ್ಬ ಸದಸ್ಯನಾಗಿದ್ದ. ನಿಗದಿಯಾದ ಮೊತ್ತವನ್ನು ತಂದುಕೊಡುತ್ತೇನೆಂದು ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರನಿಂದ ಕರಾರು ಬರೆಸಿಕೊಳ್ಳುವ ಶರತ್ತು ಪದ್ಧತಿ ಆಗ ಜಾರಿಯಲ್ಲಿತ್ತು. ಕರಾರಿನ ಮೊತ್ತ ಕಡಿಮೆ ಬಿದ್ದರೆ ಅಮಲ್ದಾರ ರೈತನನ್ನು ಹಿಂಡುತ್ತಿದ್ದ. 1834ರಲ್ಲಿ ಏಕೈಕ ಕಮಿಷನರನಾದ ಕಬ್ಬನ್ ಸಂಸ್ಥಾನವನ್ನು ವಿಭಾಗಗಳಾಗಿ ಒಡೆದು ಒಂದೊಂದಕ್ಕೂ ಒಬ್ಬ ಯುರೋಪಿಯನ್ ಸೂಪರಿಂಟೆಂಡೆಂಟನನ್ನು ಕೂರಿಸಿದ. ಅವುಗಳಲ್ಲಿ ಚಿತ್ರದುರ್ಗ ವಿಭಾಗವನ್ನು ತುಮಕೂರಿನಲ್ಲಿ ನೆಲೆಸಿ ನೋಡಿಕೊಂಡವನು ಡಾಬ್ಸ್ ಎಂಬ ಸೇನಾಧಿಕಾರಿ.

ಕಬ್ಬನ್ನನ ಅಭಿಮಾನಿಗಳ ಬಳಿ ಒಂದು ಗಟ್ಟಿ ದಾಖಲೆಯಿದೆ, ಅದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಅವನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹಿಂದೆಂದೋ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಹಳ್ಳಿಯವರು ತಲೆಮಾರುಗಳಿಂದ ತೆರುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವನೂ ಹಣ ಕೊಡಬೇಕಿತ್ತು. ಇಂಥ ಪಟ್ಟಿಯನ್ನು ಓದಿದವರಾರೂ ಕಬ್ಬನ್ ಬರುವ ಮುನ್ನ ಮೈಸೂರಿನಲ್ಲಿ ರಾಮರಾಜ್ಯವಿತ್ತೆಂದು ಹೇಳಲಾರರು. ಪ್ರತಿಮೆ ಕೀಳಬೇಕೆನ್ನುವವರ ಭಾಷಣಗಳಲ್ಲಿ ಈ ಪಟ್ಟಿಯ ಸುಳಿವೂ ಇರುವುದಿಲ್ಲ. ದೇಶೀಯ ದಬ್ಬಾಳಿಕೆಯ ನೆನಪು ಅವರಿಗೆ ಅನುಕೂಲವಲ್ಲ.

ಆದರೆ ಆ ಉಪಕಾರದ ಗಾತ್ರವನ್ನು ಅದರ ಹಿಂದಿದ್ದ ಮತ್ತೊಂದು ಲೆಕ್ಕದ ಜೊತೆಗಿಟ್ಟು ನೋಡಬೇಕು. 1799ರ ಒಪ್ಪಂದದಂತೆ ಮೈಸೂರು ಪ್ರತಿವರ್ಷ ಕಂಪನಿಗೆ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಕಟ್ಟುತ್ತಿತ್ತು. ಪೊಗದಿಯೆಂದರೆ ಕಂಪನಿಯ ಸೈನ್ಯದ ‘ರಕ್ಷಣೆ’ಗೆ ಪ್ರತಿಯಾಗಿ ಸಲ್ಲುವ ಕಾಣಿಕೆ. ಮಳೆ ಬರಲಿ ಬಿಡಲಿ, ಈ ಹಣ ತಪ್ಪುವಂತಿರಲಿಲ್ಲ. ಪಾವಗಡ, ಮಧುಗಿರಿ, ಸಿರಾಗಳಂಥ ಒಣಸೀಮೆಯಲ್ಲಿ ಮಳೆಯ ಮೇಲೆ ಯಾವ ರೈತನೂ ಕರಾರು ಬರೆದುಕೊಡಲಾರ. ತೆರಿಗೆಯ ಸಿಕ್ಕುಗಳನ್ನು ಬಿಡಿಸಿ, ವಸೂಲಿಯನ್ನು ನೇರವಾಗಿಸಿ, ಖಜಾನೆಯನ್ನು ಬೆಂಗಳೂರಿನಲ್ಲಿ ಭದ್ರಪಡಿಸಿದ ಆಡಳಿತ, ರೈತನಿಗೆ ಎಷ್ಟು ನೆಮ್ಮದಿ ಕೊಟ್ಟಿತೋ ಕಂಪನಿಗೂ ಅಷ್ಟೇ ನಿಶ್ಚಿಂತೆ ಕೊಟ್ಟಿತು. ಹೊಗಳುಭಟರು ಎಣಿಸುವ ರಸ್ತೆಗಳ ಮೇಲೆ ಅಡಕೆ, ದವಸಗಳ ಬಂಡಿಗಳು ಸಾಗಿದವು, ದಂಡುಗಳೂ ಸಾಗಿದವು. ಶಾಲೆಯ ವಿಷಯದಲ್ಲಂತೂ ಹೇಳಿಕೊಳ್ಳುವಂಥದ್ದು ಕಡಿಮೆ: ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಹುಟ್ಟಿದ್ದು 1857ರಲ್ಲಿ, ಕಬ್ಬನ್ ಅಧಿಕಾರ ಹಿಡಿದು 23 ವರ್ಷ ಕಳೆದ ಮೇಲೆ.

ಇನ್ನು ಕೊಡಗು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಬಳಿಕ ಕೊಡಗೂ ಮೈಸೂರಿನ ಕಮಿಷನರನ ಮೇಲಾಡಳಿತಕ್ಕೆ ಬಂತು. ಮೂರು ವರ್ಷದಲ್ಲಿ ಅಮರ ಸುಳ್ಯದಿಂದ ಎದ್ದ ರೈತ ಬಂಡಾಯ ಮಂಗಳೂರಿನ ಬಾವುಟಗುಡ್ಡದವರೆಗೂ ನುಗ್ಗಿತು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂಬ ಒತ್ತಾಯ ಅದರ ಕಾರಣಗಳಲ್ಲೊಂದಾಗಿತ್ತು. ಆ ಬಂಡಾಯದ ಮುಂದಾಳುಗಳಲ್ಲಿ ಒಬ್ಬನಾದ ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ಬಂಡಾಯದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯನ್ನು 2022ರಲ್ಲಿ ಬಾವುಟಗುಡ್ಡದಲ್ಲಿ ಅನಾವರಣಗೊಳಿಸಲಾಯಿತು. ಎರಡು ಪ್ರತಿಮೆಗಳನ್ನೂ ಕಾಪಾಡುವ ಹೊಣೆ ಹೊತ್ತ ಸಮಾಜ ಅವೆರಡರ ನಡುವಿನ ಸಂಬಂಧವನ್ನು ಮಾತ್ರ ಯಾರಿಗೂ ಹೇಳುತ್ತಿಲ್ಲ. ದಕ್ಷತೆಯ ಕಥೆ ಹೇಳುವವರು ಈ ನೇಣುಗಂಬವನ್ನು ಮರೆಯುವುದು, ದಾಸ್ಯದ ಕಥೆ ಹೇಳುವವರು 769 ತೆರಿಗೆಗಳನ್ನು ಮರೆಯುವುದಕ್ಕಿಂತ ಸಣ್ಣ ತಪ್ಪೇನಲ್ಲ.

ಕಬ್ಬನ್ ಸಂಸ್ಥಾನದ ಹಿತಚಿಂತಕನಾಗಿದ್ದ ಎಂಬುದಕ್ಕೆ ಅವನ ಕೊನೆಯ ದಿನಗಳನ್ನು ಉದಾಹರಿಸುವುದುಂಟು. 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಕೆಳಗೆ ತರುವ ಆಜ್ಞೆ ಬಂದಾಗ ಅವನು ವಿರೋಧಿಸಿದ್ದು ನಿಜ, ಆ ಆಜ್ಞೆ ಹಿಂತೆಗೆದುಕೊಂಡದ್ದೂ ನಿಜ. 1861ರಲ್ಲಿ ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಆದರೆ ಮದ್ರಾಸಿನ ವಿರುದ್ಧ ನಿಂತವನು ಮುಮ್ಮಡಿಯವರ ಪರವಾಗಿಯೇ ನಿಂತನೆಂದು ತಿಳಿಯಬೇಕಾಗಿಲ್ಲ. ರಾಜ್ಯವನ್ನು ಮರಳಿ ಕೊಡಿರೆಂದು ದಶಕಗಳ ಕಾಲ ಅರ್ಜಿ ಬರೆದ ಅವರು 1868ರಲ್ಲಿ ಅಧಿಕಾರವಿಲ್ಲದೆಯೇ ಕಣ್ಣು ಮುಚ್ಚಿದರು; ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಹೆಸರು ಬದಲಿಸಬೇಕೆನ್ನುವವರಿಗೂ ಒಂದು ಮಾತು. ಉದ್ಯಾನಕ್ಕೆ 1927ರಲ್ಲೇ ಶ್ರೀ ಚಾಮರಾಜೇಂದ್ರರ ಹೆಸರಿಟ್ಟಾಗಿದೆ, ಜನ ಇಂದಿಗೂ ಕಬ್ಬನ್ ಪಾರ್ಕ್ ಎನ್ನುತ್ತಾರೆ. ಪಾವಗಡದಿಂದ ಬೆಂಗಳೂರಿಗೆ ತುಮಕೂರು ಮೇಲೆ ಹೋಗುವ ಬಸ್ಸಿನವರು ದಾಬಸ್‌ಪೇಟೆ ಎಂದು ಕೂಗುವಾಗ ಆ ಡಾಬ್ಸ್ ಸಾಹೇಬನಿಗೆ ಯಾರೂ ಶರಣಾಗುತ್ತಿಲ್ಲ. ಹೆಸರು ಬದಲಿಸುವ ಹೋರಾಟ ಅಗ್ಗದ್ದು, ಅದಕ್ಕೇ ಅದು ಜನಪ್ರಿಯ. ದುಬಾರಿಯಾದದ್ದು ಓದುವ ಕೆಲಸ.

ಪ್ರತಿಮೆ ಈಗಿರುವಲ್ಲೇ ಇರಲಿ. ಅದರ ಪೀಠದ ಪಕ್ಕದಲ್ಲಿ ಕನ್ನಡದ ಫಲಕವೊಂದು ಬರಲಿ: ರದ್ದಾದ ತೆರಿಗೆಗಳು, ವರ್ಷವರ್ಷವೂ ಹೊರಗೆ ಹೋದ 24.5 ಲಕ್ಷ, ಅಪ್ಪಯ್ಯ ಗೌಡನ ನೇಣು, ಈ ಮೂರೂ ಅದರಲ್ಲಿ ಒಟ್ಟಿಗಿರಲಿ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಕಮಿಷನರ್ ಆಳ್ವಿಕೆಯ ಕಡತಗಳನ್ನು ತಾಲ್ಲೂಕುವಾರು ವಿಂಗಡಿಸಿ, ಮುದ್ರಿಸಿ, ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆಗಳ ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಲಿ. ಪ್ರತಿಮೆ ಎತ್ತಿಡಲು ಕ್ರೇನು ತರಿಸಿದ ಸರ್ಕಾರಕ್ಕೆ ಇದೇನೂ ಅಸಾಧ್ಯವಲ್ಲ.