ತಾಯ್ನಾಡಿನ ತಂಡ ಮತ್ತು ಟೀಕಾಕಾರನ ನಿಷ್ಠೆ

1990ರ ಜೂನ್ 17. ಇಟಲಿಯ ಪಾಲೆರ್ಮೊದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಪಂದ್ಯದಲ್ಲಿ ಐರ್ಲೆಂಡ್ ಮತ್ತು ಈಜಿಪ್ಟ್ ಒಂದೂ ಗೋಲು ಗಳಿಸದೆ ಡ್ರಾ ಮಾಡಿಕೊಂಡವು. ಐರ್ಲೆಂಡ್ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆದಿತ್ತು. ಇಡೀ ದೇಶ ಸಂಭ್ರಮದಲ್ಲಿತ್ತು. ಆದರೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇಯ ಸ್ಟುಡಿಯೊದಲ್ಲಿದ್ದ ವಿಶ್ಲೇಷಕ ಏಮನ್ ಡನ್‌ಫಿ ಸಿಟ್ಟಿನಿಂದ ಪೆನ್ನನ್ನು ಎಸೆದು, ಇಂಥ ಆಟ ಕಂಡು ನಾಚಿಕೆಯಾಗುತ್ತಿದೆ ಎಂದರು. ಆ ಮಾತು ಬಾಯಿಂದ ಬಾಯಿಗೆ ಹರಡುತ್ತಾ, ಐರಿಷ್ ಆಗಿರುವುದಕ್ಕೇ ಅವರು ನಾಚಿಕೊಂಡರು ಎಂಬ ರೂಪ ತಾಳಿತು. ಮುಂದೆ ಪತ್ರಿಕಾಗೋಷ್ಠಿಯಲ್ಲಿ ಅವರು ಹಾಜರಾದಾಗ, ತಂಡದ ಮ್ಯಾನೇಜರ್ ಜ್ಯಾಕ್ ಚಾರ್ಲ್ಟನ್ ಉತ್ತರಿಸಲು ಒಪ್ಪದೆ ಎದ್ದು ನಡೆದರು.

ದೇಶದ ತಂಡವನ್ನು ಟೀಕಿಸುವುದು ದೇಶದ್ರೋಹವೇ? ಈ ಪ್ರಶ್ನೆಗೆ ಡನ್‌ಫಿ ಅವರ ಬದುಕಿನಲ್ಲಿ ಉತ್ತರವಿದೆ ಎಂದು ನಾನು ಭಾವಿಸುತ್ತೇನೆ.

1945ರಲ್ಲಿ ಡಬ್ಲಿನ್‌ನಲ್ಲಿ ಜನಿಸಿದ ಅವರು ಹದಿಹರೆಯದಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರೂ, ಅದರ ಪ್ರಧಾನ ತಂಡದಲ್ಲಿ ಆಡುವ ಅವಕಾಶ ಸಿಗಲಿಲ್ಲ. ಯಾರ್ಕ್ ಸಿಟಿಯ ಬಳಿಕ ಮಿಲ್‌ವಾಲ್‌ನಲ್ಲಿ ಹಲವು ವರ್ಷ ದುಡಿದರು. ಐರ್ಲೆಂಡ್ ಪರ 23 ಪಂದ್ಯಗಳನ್ನಾಡಿದರು. ತಾರೆಯ ಪಟ್ಟ ದಕ್ಕದ, ಆದರೆ ಆಟದಿಂದಲೇ ಹೊಟ್ಟೆ ಹೊರೆದ ಕಸುಬುದಾರ ಅವರು. 1973-74ರ ಋತುವಿನಲ್ಲಿ ಬರೆದ ದಿನಚರಿ 1976ರಲ್ಲಿ 'ಓನ್ಲಿ ಎ ಗೇಮ್?' ಎಂಬ ಪುಸ್ತಕವಾಯಿತು. ತಂಡದಲ್ಲಿ ಸ್ಥಾನ ಕಳೆದುಕೊಳ್ಳುವ ಭಯ, ಸಹ ಆಟಗಾರನ ಮೇಲಿನ ಅಸೂಯೆ, ಬೆಂಚಿನ ಮೇಲೆ ಕುಳಿತವನ ಕಹಿ ಇವೆಲ್ಲವನ್ನೂ ಅದು ಮುಚ್ಚುಮರೆಯಿಲ್ಲದೆ ಹೇಳಿತು. ಮೊದಲು ತನ್ನನ್ನೇ ಒರೆಗೆ ಹಚ್ಚಿಕೊಂಡವನಿಗೆ ಇತರರನ್ನು ಅಳೆಯುವ ಹಕ್ಕು ಬರುತ್ತದೆ.

1990ರಲ್ಲಿ ಅವರು ಆಕ್ಷೇಪಿಸಿದ್ದು ಆಟಗಾರರ ಸಾಮರ್ಥ್ಯವನ್ನಲ್ಲ. ಪ್ರತಿಭೆಯಿದ್ದೂ ಚೆಂಡನ್ನು ದೂರಕ್ಕೆ ಒದೆಯುವುದನ್ನೇ ನೆಚ್ಚಿಕೊಂಡ ತಂತ್ರವನ್ನು. ಆ ತಂಡ ಕ್ವಾರ್ಟರ್‌ಫೈನಲ್ ತಲುಪಿದ್ದು ನಿಜ. ಆದರೆ 5 ಪಂದ್ಯಗಳಲ್ಲಿ ಗಳಿಸಿದ್ದು ಎರಡೇ ಗೋಲು. ರೊಮೇನಿಯಾ ವಿರುದ್ಧದ ಗೆಲುವು ಬಂದದ್ದೂ ಪೆನಾಲ್ಟಿ ಶೂಟೌಟ್‌ನಲ್ಲಿ. ಫಲಿತಾಂಶ ಚಾರ್ಲ್ಟನ್ ಪರವಾಗಿತ್ತು, ಆದರೆ ಡನ್‌ಫಿ ಎತ್ತಿದ ಪ್ರಶ್ನೆಯನ್ನು ಅದು ಅಳಿಸಲಿಲ್ಲ. ತಂಡ ಗೆದ್ದಾಗ ಜಯಘೋಷ ಮಾಡಲು ಲಕ್ಷಾಂತರ ಮಂದಿ ಇರುತ್ತಾರೆ; ಅದೇ ಕೆಲಸಕ್ಕೆ ಪತ್ರಕರ್ತನೂ ಏಕೆ ಬೇಕು?

ಹಾಗೆಂದ ಮಾತ್ರಕ್ಕೆ ಡನ್‌ಫಿ ಅವರನ್ನು ಆದರ್ಶಪುರುಷರೆಂದು ಮೆರೆಸುವುದು ನನ್ನ ಉದ್ದೇಶವಲ್ಲ. 1992ರಲ್ಲಿ 'ಸಂಡೇ ಇಂಡಿಪೆಂಡೆಂಟ್' ಪತ್ರಿಕೆಯಲ್ಲಿ ಅವರು ರಾಜಕಾರಣಿ ಪ್ರೊಇನ್ಶಿಯಸ್ ಡಿ ರೊಸ್ಸ ಕುರಿತು ಬರೆದ ಲೇಖನ ಮಾನಹಾನಿಕರವೆಂದು 1997ರಲ್ಲಿ ಜ್ಯೂರಿ ತೀರ್ಮಾನಿಸಿ, 3 ಲಕ್ಷ ಐರಿಷ್ ಪೌಂಡ್ ಪರಿಹಾರ ನಿಗದಿ ಮಾಡಿತು. ಅವರು ನಿರೂಪಿಸಿದ ರಾಯ್ ಕೀನ್ ಆತ್ಮಕಥೆ 2002ರಲ್ಲಿ ಹೊರಬಂದಾಗ, ಎದುರಾಳಿ ಆಲ್ಫ್-ಇಂಗೆ ಹಾಲಂಡ್ ಅವರನ್ನು ಬೇಕೆಂದೇ ಒದ್ದಂತೆ ಧ್ವನಿಸಿದ ಸಾಲುಗಳು ಕೀನ್‌ಗೆ 5 ಪಂದ್ಯಗಳ ನಿಷೇಧವನ್ನೂ ಒಂದೂವರೆ ಲಕ್ಷ ಪೌಂಡ್ ದಂಡವನ್ನೂ ತಂದವು. ಆ ಪದಗಳು ಕೀನ್ ಅವರವಲ್ಲ, ತಮ್ಮವು ಎಂದು ಡನ್‌ಫಿ ವಿಚಾರಣೆಯಲ್ಲಿ ಹೇಳಬೇಕಾಯಿತು.

ಈ ಪ್ರಸಂಗಗಳ ನಡುವಣ ಅಂತರವನ್ನು ಗಮನಿಸಬೇಕು. ಪಾಲೆರ್ಮೊದ ಆಟವನ್ನು ಇಡೀ ದೇಶ ನೋಡಿತ್ತು. ಡನ್‌ಫಿ ಹೇಳಿದ್ದು ಸರಿಯೋ ತಪ್ಪೋ ಎಂದು ಪ್ರತಿಯೊಬ್ಬ ವೀಕ್ಷಕನೂ ತನ್ನ ಕಣ್ಣಿನಿಂದಲೇ ತೂಗಬಹುದಿತ್ತು. ಒಬ್ಬ ವ್ಯಕ್ತಿಯ ನಡತೆಯ ಕುರಿತ ಆರೋಪಕ್ಕಾಗಲೀ, ಇನ್ನೊಬ್ಬರ ಬಾಯಲ್ಲಿಟ್ಟ ಮಾತಿಗಾಗಲೀ ಓದುಗನ ಬಳಿ ಅಂಥ ಅಳತೆಗೋಲಿಲ್ಲ; ಬರೆದವನನ್ನು ನಂಬುವುದೊಂದೇ ಅವನ ಪಾಲಿನ ದಾರಿ. ಅಭಿಪ್ರಾಯದಲ್ಲಿ ಎಷ್ಟೇ ನಿರ್ಭೀತಿ ಇರಲಿ, ಸಂಗತಿಯ ವಿಷಯದಲ್ಲಿ ಅಷ್ಟೇ ಎಚ್ಚರವಿರಬೇಕು. ಮೊದಲನೆಯದರಲ್ಲಿ ಡನ್‌ಫಿ ನಮಗೆ ಪಾಠ, ಎರಡನೆಯದರಲ್ಲಿ ಎಚ್ಚರಿಕೆ.

2018ರಲ್ಲಿ, ಸುಮಾರು 4 ದಶಕಗಳ ನಂಟಿನ ಬಳಿಕ, ಅವರು ಆರ್‌ಟಿಇ ತೊರೆದರು. ಅವರ ಮಾತಿಗೆ ಸಿಡಿಮಿಡಿಗೊಂಡ ಜನರೇ ಪ್ರತಿ ಪಂದ್ಯ ಮುಗಿದೊಡನೆ ಅವರೇನೆನ್ನುವರೋ ಎಂದು ಕಾಯುತ್ತಿದ್ದರು. ಆ ಕಾಯುವಿಕೆಯಲ್ಲೇ ಟೀಕಾಕಾರನ ಅಗತ್ಯಕ್ಕೆ ಸಾಕ್ಷ್ಯವಿದೆ. ತನ್ನ ತಂಡ ಇನ್ನೂ ಚೆನ್ನಾಗಿ ಆಡಬಲ್ಲದು ಎಂಬ ನಂಬಿಕೆಯಿಂದ ಹುಟ್ಟಿದ ಸಿಟ್ಟು ದ್ರೋಹವಾಗಲಾರದು. ಅದು ನಿಷ್ಠೆಯ ಇನ್ನೊಂದು ಮುಖ.