ಮಾಳಿಗಿ ಮಾಳಿಗಿಯಾಗೇ ಇರಲಿ

ಗಾಯಕ ರಘು ದೀಕ್ಷಿತ್ ಅವರ ಸಿನಿಮಾ ಹಾಡುಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮನ್ನು ಈಗ ಇನ್ನೊಂದು ಸಲ ಕೇಳಬೇಕು ಅಂತ ನನ್ನ ಅಭಿಪ್ರಾಯ.

ಅವರು ಬೆಳೆದದ್ದು ನಮ್ಮ ಪಕ್ಕದ ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ, ಕೊನೆಗೆ ಕೈಗೆ ಬಂದದ್ದು ಗಿಟಾರು. ಆ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳೂ ಇವೆ. ಆದರೆ ಅದರ ಜೀವ ಇರೋದು ಶಿಶುನಾಳ ಷರೀಫರ ಎರಡು ತತ್ವಪದಗಳಲ್ಲಿ. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗಿಯ ಪದ.

ಷರೀಫರು (1819–1889) ಈಗಿನ ಹಾವೇರಿ ಜಿಲ್ಲೆಯವರು. ಆ ಕಡೆ ಮಣ್ಣಿನ ಮಾಳಿಗೆ ಮನೆಗಳು, ನಮ್ಮ ಕಡೆ ಹೆಂಚಿನ ಮನೆಗಳು. ಮಳೆಗೆ ಸೋರುವ ಮಾಳಿಗೆಯನ್ನು ತೋರಿಸಿ ಅವರು ಮನುಷ್ಯನ ಅಜ್ಞಾನದ ಮಾತು ಹೇಳಿದರು. ರಘು ದೀಕ್ಷಿತರು ಅದಕ್ಕೆ ಗಿಟಾರು, ಪಿಟೀಲು ಸೇರಿಸಿದರು. ಆದರೆ 'ಮಾಳಿಗಿ'ಯನ್ನು 'ಮಾಳಿಗೆ' ಅಂತ ತಿದ್ದಲಿಲ್ಲ. ಇದೇ ಆ ಆಲ್ಬಮ್ಮಿನ ದೊಡ್ಡತನ.

'ಸಿ. ಅಶ್ವಥ್ ಅವರು 1990ರ ಸಂತ ಶಿಶುನಾಳ ಷರೀಫ ಸಿನಿಮಾದಲ್ಲೇ ಚೆನ್ನಾಗಿ ಹಾಡಿದ್ರಲ್ಲ, ಗಿಟಾರು ಯಾಕೆ ಬೇಕಿತ್ತು?' ಅಂತ ಕೆಲವರು ಕೇಳಬಹುದು. ಷರೀಫರ ಕಾಲದಲ್ಲಿ ಸಿನಿಮಾ ವಾದ್ಯಗಳೂ ಇರಲಿಲ್ಲ ಅಲ್ವಾ? ವಾದ್ಯ ಅಂಗಿ ಇದ್ದ ಹಾಗೆ, ಬದಲಾಯಿಸಬಹುದು. ಮಾತು ಮೈ ಇದ್ದ ಹಾಗೆ.

ನಾವು ಮಾಡೋದು ಇದಕ್ಕೆ ಉಲ್ಟಾ. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿ ಕತೆ ಹಾಡುತ್ತಾರೆ. ದೇವರಗುಡ್ಡರು ಕಂಸಾಳೆ ಬಡಿದು ಮಾದಪ್ಪನ ಕತೆ ಹೇಳುತ್ತಾರೆ. ಅವರ ಬಾಯಲ್ಲಿ 'ಮನಗ', 'ಊರ್ಗ' ಅಂತಲೇ ಬರುತ್ತದೆ. ಅದೇ ಹಾಡನ್ನು ವೇದಿಕೆ ಮೇಲೆ ಹೇಳುವಾಗ ನಾವು 'ಮನೆಗೆ', 'ಊರಿಗೆ' ಅಂತ ತಿದ್ದಿಬಿಡುತ್ತೇವೆ. ತಾಳ ತಪ್ಪುತ್ತದೆ, ರುಚಿ ಹೋಗುತ್ತದೆ. ತಿದ್ದದೆ ಹಾಡಿದರೆ ಹಿಂದಿನ ಸಾಲಿನವರು ಕಿಸಕ್ ಅಂತ ನಗುತ್ತಾರೆ! ನಮ್ಮವ್ವ, ನಮ್ಮಜ್ಜಿ ಆಡೋ ಮಾತಿಗೆ ನಾವೇ ನಕ್ಕರೆ ಅದನ್ನು ಬೇರೆ ಯಾರು ಉಳಿಸ್ತಾರೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಗೂ ಇದೇ ಮಾತು. ಅದನ್ನು ಸೋಲಿಗರ ನುಡಿಯಲ್ಲೇ ಹೇಳಬೇಕು.

ಹಾವೇರಿ ಕಡೆಯ ಮಾತನ್ನು ಮೈಸೂರಿನವರು ಹಾಡಿದರು. 2010ರಲ್ಲಿ ಅವರನ್ನು ಇಂಗ್ಲೆಂಡಿನ ಬಿಬಿಸಿ ಟೀವಿಯವರೂ ಕರೆಸಿ ಹಾಡಿಸಿದರು. ಹಾಗಿರುವಾಗ ಕೊಳ್ಳೇಗಾಲ, ಹನೂರು, ಯಳಂದೂರಿನ ಮಾತಿಗೆ ಏನು ಕಡಿಮೆ?

ಆದ್ದರಿಂದ ನನ್ನ ಸಲಹೆ ಇಷ್ಟೇ. ಈ ಸಲದ ವಾರ್ಷಿಕೋತ್ಸವದಲ್ಲಿ ನಮ್ಮ ಕಡೆಯ ಒಂದು ಹಾಡಾದರೂ ಇರಲಿ. ಹಾಡುವ ಹಿರಿಯರ ಹತ್ತಿರವೇ ಹೋಗಿ ಕಲಿಯೋಣ. ಕೀಬೋರ್ಡ್ ಬರುವವರು ಕೀಬೋರ್ಡ್ ನುಡಿಸಲಿ, ಬೇಡ ಅನ್ನಲ್ಲ. ಮಾತನ್ನು ಮಾತ್ರ ಮುಟ್ಟಬಾರದು. ಗುರುಗಳಲ್ಲಿ ಒಂದು ವಿನಂತಿ: ಪರೀಕ್ಷೆಯಲ್ಲಿ 'ಮನಗ' ಅಂತ ಬರೆದರೆ ಖಂಡಿತ ತಿದ್ದಿ. ಹಾಡಿನಲ್ಲಿ ಬಂದರೆ ಬಿಟ್ಟುಬಿಡಿ.

ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.