ಒಕ್ಕಣೆ ಕಣದಲ್ಲಿ ಒಂದು ಆಲಿಂಗನ

ಮಾರ್ಟಿನ್ ಬೋಯೆಮ್ ಒಬ್ಬ ರೈತ. ಅಮೆರಿಕದ ಭೂಪಟದಲ್ಲಿ ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ಸರಿದರೆ ಸಿಗುವ ಲ್ಯಾಂಕಾಸ್ಟರ್ ಸೀಮೆಯಲ್ಲಿ ಆತನ ಹೊಲವಿತ್ತು. ಆತ ಸೇರಿದ್ದ ಮೆನ್ನೊನೈಟ್ ಪಂಥದಲ್ಲಿ ಬೋಧಕನಾಗಲು ಪದವಿ ಬೇಕಿರಲಿಲ್ಲ. ಚೀಟಿ ಎತ್ತಿ ಆರಿಸುತ್ತಿದ್ದರು. 1756ರಲ್ಲಿ ಚೀಟಿ ಆತನಿಗೆ ಬಂತು. ಎದ್ದು ನಿಂತರೆ ಮಾತೇ ಹೊರಡದು! ಕಲಿಸುವ ಹೊಣೆ ತಲೆಗೆ ಬಿದ್ದು, ಕಲಿಸಲು ತನ್ನಲ್ಲೇನೂ ಇಲ್ಲವೆಂದು ಅರಿವಾಗುವ ಸಂಕಟ ಹೊಸ ಮೇಷ್ಟರುಗಳಿಗೆ ಗೊತ್ತು. ಉಳುವಾಗ ಪ್ರತಿ ಸಾಲಿನ ಕೊನೆಯಲ್ಲೂ ಆತ ಮಂಡಿಯೂರಿ ಪ್ರಾರ್ಥಿಸುತ್ತಿದ್ದನಂತೆ. ಕೊನೆಗೆ ಹೊಲದಲ್ಲೇ ಮನಸ್ಸಿಗೆ ಶಾಂತಿ ದೊರೆಯಿತು, ಬಾಯಿಗೆ ಮಾತು ಬಂತು.

ಅಲ್ಲಿನ ಜರ್ಮನ್ ಭಾಷಿಕ ರೈತರು 'ದೊಡ್ಡ ಸಭೆ'ಗಳನ್ನು ನಡೆಸುತ್ತಿದ್ದರು. ಒಬ್ಬ ರೈತನ ಜಮೀನಿನಲ್ಲಿ ಸುತ್ತಲಿನವರೆಲ್ಲ ಸೇರಿ ಎರಡು ಮೂರು ದಿನ ಪ್ರಸಂಗ, ಪ್ರಾರ್ಥನೆ. ಸುಮಾರು 1767ರಲ್ಲಿ, ಪಂಚಾಶತ್ತಮ ಹಬ್ಬದ ಹೊತ್ತಿಗೆ, ಐಸಾಕ್ ಲಾಂಗ್ ಎಂಬ ರೈತನ ಜಮೀನಿನಲ್ಲಿ ಇಂಥದೊಂದು ಸಭೆ ಸೇರಿತು. ಮನೆಯಲ್ಲಿ ಹಿಡಿಸದಷ್ಟು ಜನ. ಸಭೆ ನಡೆದದ್ದು ಕಣದ ಕಟ್ಟಡದಲ್ಲಿ. ದನ, ಹುಲ್ಲು, ಧಾನ್ಯ, ಒಕ್ಕಣೆ ಎಲ್ಲಕ್ಕೂ ಅಲ್ಲಿ ಒಂದೇ ಸೂರು. ಈ ಹಬ್ಬ ಬೀಳುವುದು ಮೇ ಇಲ್ಲವೇ ಜೂನ್‌ನಲ್ಲಿ. ಗೋಧಿ ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ವರ್ಷದಲ್ಲಿ ಕಣ ಬಿಡುವಾಗಿರುವುದು ಆಗಲೇ ಅಲ್ಲವೇ?

ಅಂದು ಬೋಯೆಮ್ ಮಾತನಾಡಿದ. ಕೇಳುತ್ತಿದ್ದವರಲ್ಲಿ ಫಿಲಿಪ್ ವಿಲಿಯಂ ಒಟ್ಟರ್ಬೈನ್ ಇದ್ದ. ಈತ ಜರ್ಮನಿಯಲ್ಲಿ ಓದಿ ಬಂದ ವಿದ್ವಾಂಸ, ರಿಫಾರ್ಮ್ಡ್ ಸಭೆಯ ಪಾದ್ರಿ. ಆ ಎರಡು ಪಂಥಗಳ ನಡುವೆ ಹಳೆಯ ಗಾಯವಿತ್ತು. ರಿಫಾರ್ಮ್ಡ್ ಸಭೆಯವರು ಹಸುಗೂಸಿಗೂ ದೀಕ್ಷಾಸ್ನಾನ ಕೊಡುವವರು. ವಯಸ್ಕರಿಗೆ ಮಾತ್ರ ಸಲ್ಲಬೇಕೆಂಬುದು ಮೆನ್ನೊನೈಟರ ವಾದ. ಇದೇ ಕಾರಣಕ್ಕೆ 1527ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಫೆಲಿಕ್ಸ್ ಮಾಂಜ್ ಎಂಬಾತನನ್ನು ನದಿಯಲ್ಲಿ ಮುಳುಗಿಸಿ ಕೊಂದಿದ್ದರು. ಇಂಥ ಇತಿಹಾಸವಿದ್ದೂ, ಪ್ರಸಂಗ ಮುಗಿಯುತ್ತಿದ್ದಂತೆ ಒಟ್ಟರ್ಬೈನ್ ಎದ್ದು ಬಂದು ಬೋಯೆಮ್‌ನನ್ನು ತಬ್ಬಿಕೊಂಡ. ನಾವು ಸಹೋದರರು ಎಂದನಂತೆ.

ಇದಕ್ಕೆ ಬೋಯೆಮ್ ಬೆಲೆ ತೆರಬೇಕಾಯಿತು. ಪರಪಂಥದವರೊಡನೆ ಕಲೆತನೆಂದು 1770ರ ದಶಕದಲ್ಲಿ ಆತನ ಪಂಥವೇ ಆತನನ್ನು ಹೊರಗಿಟ್ಟಿತು. ಚೀಟಿ ಎತ್ತಿ ತಾವೇ ಆರಿಸಿದವನನ್ನು! ಆತ ಮಾತ್ರ ಮನೆಬಾಗಿಲನ್ನು ಎಲ್ಲರಿಗೂ ತೆರೆದೇ ಇಟ್ಟ. ಕುದುರೆಯ ಮೇಲೆ ಊರೂರು ಸುತ್ತುವ ಮೆಥಡಿಸ್ಟ್ ಬೋಧಕರು ಅಲ್ಲಿ ತಂಗುತ್ತಿದ್ದರು. ಅವರಿಗೆ ಆಗ ವರ್ಷಕ್ಕೆ 64 ಡಾಲರ್ ಸಂಬಳ. ಊಟ, ಹಾಸಿಗೆ, ಕುದುರೆಗೆ ಮೇವು ಇಂಥ ರೈತರ ಮನೆಗಳಿಂದಲೇ ಬರಬೇಕು. ಅಡುಗೆಮನೆಯಲ್ಲಿ ಹೆಂಗಸರು ಪಟ್ಟ ಪಾಡನ್ನು ಚರಿತ್ರೆಕಾರರು ಅಷ್ಟಾಗಿ ಬರೆದಿಲ್ಲ.

1791ರಲ್ಲಿ ಬೋಯೆಮ್ ಕುಟುಂಬದ ಜಮೀನಿನಲ್ಲಿ ಕಲ್ಲಿನ ಪ್ರಾರ್ಥನಾ ಮಂದಿರವೊಂದು ಎದ್ದಿತು. 1800ರಲ್ಲಿ ಮೇರಿಲ್ಯಾಂಡಿನ ಇನ್ನೊಂದು ರೈತನ ಮನೆಯಲ್ಲಿ ಸಭೆ ಸೇರಿದಾಗ 'ಯುನೈಟೆಡ್ ಬ್ರೆದ್ರನ್' ಎಂಬ ಸಂಘ ರೂಪುಗೊಂಡಿತು. ಒಟ್ಟರ್ಬೈನ್ ಮತ್ತು ಬೋಯೆಮ್ ಅದರ ಬಿಷಪ್‌ಗಳಾದರು.

ಮನೆಗೆ ಬರುತ್ತಿದ್ದ ಬೋಧಕರನ್ನು ನೋಡುತ್ತ ಬೆಳೆದ ಮಗ ಹೆನ್ರಿ ತಾನೂ ಕುದುರೆ ಏರಿದ. ಮೆಥಡಿಸ್ಟ್ ಬಿಷಪ್ ಫ್ರಾನ್ಸಿಸ್ ಆಸ್ಬರಿಯ ಜೊತೆ 1808ರಿಂದ ಸುಮಾರು ಐದು ವರ್ಷ ಸುತ್ತಿದ. ಆಸ್ಬರಿಯದು ಇಂಗ್ಲಿಷ್, ಜರ್ಮನ್ ಬೇಕಾದಲ್ಲಿ ಹೆನ್ರಿಯ ಪ್ರಸಂಗ. 1812ರ ಮಾರ್ಚ್‌ನಲ್ಲಿ ಮಾರ್ಟಿನ್ ತೀರಿಕೊಂಡ. ಏಪ್ರಿಲ್‌ನಲ್ಲಿ ಆಸ್ಬರಿ ಆ ಕಲ್ಲಿನ ಮಂದಿರಕ್ಕೆ ಬಂದು ಹಳೆಯ ಸ್ನೇಹಿತನ ನೆನಪಿನಲ್ಲಿ ಪ್ರಸಂಗ ಮಾಡಿದ. ಹೆನ್ರಿ ನೂರು ವರ್ಷ ತುಂಬಿಸಿ 1875ರಲ್ಲಿ ತೀರಿಕೊಂಡ. ಮಂದಿರ ಈಗಲೂ ಇದೆ.